ಸ್ಕ್ರೀನ್ ದಾಟಿ ಹೋದ ಪಿಕ್ಸೆಲ್ ಲೆಕ್ಕ: ಎಡಿಟರ್ ಬರಿಯೋರು ಎಲ್ಲಿ ಹಿಡೀಬೇಕು

ಪ್ರಶ್ನೆ: ಸರ್, ನಮ್ಮದು ಸಿಂಧನೂರು. ಇಲ್ಲಿ ಒಂದು ರೈಸ್ ಮಿಲ್ಲಿನ ವೇಬ್ರಿಡ್ಜ್ ಲಾಗ್ ಫೈಲ್ ನೋಡಾಕ, ತಿದ್ದಾಕ ಅಂತ ಸಿ ಭಾಷೆದಾಗ ಸಣ್ಣ ಎಡಿಟರ್ ಬರದೀನಿ, ಲಿನಕ್ಸ್ ಮ್ಯಾಲ, ನೇರ ಎಕ್ಸ್‌ಲಿಬ್ (ಸ್ಕ್ರೀನ್ ಮ್ಯಾಲ ಬರಿಯೋ ಲೈಬ್ರರಿ) ಕರದು. ಸಣ್ಣ ಫೈಲ್ ಎಲ್ಲಾ ಚಲೋ ತೆರಿತಾವ. ಒಂದೂಕಾಲು ಲಕ್ಷ ಸಾಲಿನ ಫೈಲ್ ತೆಗದು ಸ್ಕ್ರೋಲ್ ಬಾರ್ ಕೆಳಗ ಎಳಕೋತ ಹೋದ್ರ ಕೊನಿ ಹತ್ರ ಗಪ್ಪನ ಮ್ಯಾಲ ಹಾರತೈತಿ. ಭಾಳ ಉದ್ದ ಸಾಲು ಬಂದ್ರ ಬಲಗಡೆ ಎಲ್ಲೋ ದೂರ ಇರಬೇಕಾದ ಅಕ್ಷರ ಎಡಗಡೆ ಬಂದು ಕೂಡತಾವ, ಸೆಲೆಕ್ಟ್ ಮಾಡಿದ್ರ ನೀಲಿ ಬಣ್ಣ ಬರಂಗಿಲ್ಲ. ಸೆಟ್ಟಿಂಗ್ಸ್‌ನ್ಯಾಗ ಕಾಲಂ ಅಗಲ ಯಾರೋ ಸೊನ್ನಿ ಒತ್ತಿ ಒತ್ತಿ ಸಾವಿರ ಕೋಟಿ ಮಾಡಿದ್ರು, ನನ್ನ ಇಂಟೆಲ್ ಲ್ಯಾಪ್‌ಟಾಪ್‌ದಾಗ ಅಕ್ಷರ ಎಡಕ್ಕ ಮಾಯ, ಮಿಲ್ಲಿನ ರಾಸ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರ್‌ದಾಗ ಬಲಕ್ಕ ಮಾಯ. ಎಲ್ಲಾ ಕಡೆ ಇಂತಿಷ್ಟು ದಾಟಿದ್ರ ಇಂತಿಷ್ಟಕ್ಕ ಕ್ಲಾಂಪ್ ಮಾಡು, ಅಂದ್ರ ಮಿತಿಗೆ ತಂದು ನಿಲ್ಲಿಸು, ಅಂತ ಹಾಕಿಬಿಟ್ರ ಸಾಕಾ? ಬ್ರೌಸರ್‌ನ್ಯಾಗ ಬರದ್ರ ಈ ರಗಳೇನ ಇರಂಗಿಲ್ಲ ಅಂತ ಗೆಳೆಯ ಹೇಳ್ತಾನ, ಖರೇನ?

ಉತ್ತರ: ಸಾಕಾಗಂಗಿಲ್ರಿ. ಕ್ಲಾಂಪ್ ಮಾಡೋದು ತಪ್ಪಲ್ಲ, ಆದ್ರ ಎಲ್ಲಿ ಮಾಡ್ತೀರಿ ಅನ್ನೋದ್ರ ಮ್ಯಾಲ ಐತಿ, ತಪ್ಪು ಜಾಗದಾಗ ಮಾಡಿದ್ರ ಈಗ ಕಣ್ಣಿಗೆ ಕಾಣೋ ದೋಷ ಕಾಣದಂಗ ಆಗಿ ಒಳಗ ಕೂಡತೈತಿ, ಅದು ಇನ್ನೂ ಕೆಟ್ಟದ್ದು. ನೀವು ಕಳಿಸಿದ ಕೋಡ್ ನೋಡಿದೆ. ತ್ರಾಸು ಬ್ಯಾರೆ ಬ್ಯಾರೆ ಕಂಡ್ರೂ ಬೇರು ಒಂದ. ಫೈಲಿನ್ಯಾಗ ಎಷ್ಟು ದೂರ ಬಂದೀವಿ ಅನ್ನೋ ಲೆಕ್ಕ, ಸ್ಕ್ರೀನ್ ಮ್ಯಾಲ ಎಲ್ಲಿ ಬರೀಬೇಕು ಅನ್ನೋ ಲೆಕ್ಕ, ಮಂದಿ ಸೆಟ್ಟಿಂಗ್ಸ್‌ನ್ಯಾಗ ಟೈಪ್ ಮಾಡೋ ನಂಬರು, ಈ ಮೂರೂ ನಿಮ್ಮ ಕೋಡ್‌ನ್ಯಾಗ ಒಂದ ಥರದ ಇಂಟ್ (ಪೂರ್ಣಾಂಕ) ಆಗಿ ಅಡ್ಡಾಡ್ತಾವ, ಯಾವುದು ಯಾವುದು ಅಂತ ಗುರ್ತ ಇಲ್ಲ. ಮೂರಕ್ಕೂ ಮಿತಿ ಬ್ಯಾರೆ, ಮಿತಿ ದಾಟಿದಾಗ ಮಾಡಬೇಕಾದ ಕೆಲಸಾನೂ ಬ್ಯಾರೆ.

ಮೊದಲ ಸ್ಕ್ರೋಲ್ ಬಾರ್ ಮುಗಿಸೋಣ, ಅದು ಸರಳ ಐತಿ. ನಿಮ್ಮ ಸಾಲಿನ ಎತ್ತರ 20 ಪಿಕ್ಸೆಲ್, ಬಾರ್ ಉದ್ದ 900 ಪಿಕ್ಸೆಲ್. ಈಗ ಎಲ್ಲಿ ಅದೀವೋ ಆ ಪಿಕ್ಸೆಲ್ಲನ್ನ 900ರಿಂದ ಗುಣಿಸಿ ಒಟ್ಟು ಎತ್ತರದಿಂದ ಭಾಗಿಸ್ತೀರಿ. 32 ಬಿಟ್ ಇಂಟ್‌ನ್ಯಾಗ ಹಿಡಿಯೋ ದೊಡ್ಡ ನಂಬರ್ 214 ಕೋಟಿ 74 ಲಕ್ಷ 83 ಸಾವಿರದ 647. ಅದನ್ನ 900ರಿಂದ ಭಾಗಿಸ್ರಿ, 23 ಲಕ್ಷ 86 ಸಾವಿರ ಚಿಲ್ರೆ ಬರತೈತಿ, 20ರಿಂದ ಭಾಗಿಸಿದ್ರ 1 ಲಕ್ಷ 19 ಸಾವಿರ ಸಾಲು. ಅಲ್ಲಿಂದ ಒಂದ ಹೆಜ್ಜಿ ಮುಂದ ಹೋದ್ರ ಗುಣಾಕಾರ ಉಕ್ಕಿ ಮೈನಸ್ ಆಗತೈತಿ, ಒಂದೂಕಾಲು ಲಕ್ಷ ಸಾಲಿನ ಫೈಲ್‌ಗೆ ಭಾಗಿಸಿ ನೋಡಿದ್ರ ಮೈನಸ್ 858, ಅಂದ್ರ ಬಾರ್‌ನ ತಲಿ ಮ್ಯಾಲಿಂದ ಎಂಟ್ನೂರು ಪಿಕ್ಸೆಲ್ ಆಚೆ. ಹಾರೋದು ಇದಕ್ಕ. ಇಲ್ಲಿ ಕೊನಿಗೆ ಬಂದ ಉತ್ತರಾನ ಸೊನ್ನಿಯಿಂದ 900 ಒಳಗ ಕ್ಲಾಂಪ್ ಮಾಡಿದ್ರ ಏನಾಗತೈತಿ ಅಂದ್ರ ಬಾರ್ ನೀಟಾಗಿ ಮ್ಯಾಲ ಅಂಟಿಕೊಂಡು ಕೂಡತೈತಿ, ನೀವು ಫೈಲಿನ ಬುಡದಾಗ ಇದ್ದೀರಿ, ಬಾರ್ ನೆತ್ತಿ ಮ್ಯಾಲ ಐತಿ, ಕೋಡ್ ಓದಿದ ಯಾರಿಗೂ ದೋಷ ಸಿಗಂಗಿಲ್ಲ. ಗುಣಿಸೋಕಿಂತ ಮೊದಲ ಒಂದು ಸಂಖ್ಯೆ 64 ಬಿಟ್‌ಗೆ ಏರಿಸ್ರಿ, ಗುಣಿಸಿದ್ಮ್ಯಾಲೆ ಏರಿಸಿದ್ರ ಉಪಯೋಗಿಲ್ಲ, ಅಷ್ಟೊತ್ತಿಗೆ ಕೆಟ್ಟು ಹೋಗಿರತೈತಿ. ಸ್ಕ್ರೀನ್ ಸ್ಕೇಲ್ ಅಂತ 150ರಿಂದ ಗುಣಿಸಿ 100ರಿಂದ ಭಾಗಿಸೋ ಫಂಕ್ಷನ್ ಒಂದು ಇಟ್ಟೀರಲ್ಲ, ಅದಕ್ಕೂ ಇದ ರೋಗ ಐತಿ, 7 ಲಕ್ಷ ಸಾಲಿಗೆ ಹೊರಗ ಬರತೈತಿ.

ಇನ್ನ ಅಕ್ಷರ ಎಡಗಡೆ ಮೂಡೋದು. ಎಕ್ಸ್‌ಲಿಬ್‌ದಾಗ ಅಕ್ಷರ ಬರಿಯೋ ಫಂಕ್ಷನ್‌ಗೆ ನೀವು ಕೊಡೋದು ಪೂರ್ತಿ ಇಂಟ್, ಹಂಗಾಗಿ ಕಂಪೈಲರ್ ಏನೂ ಅನ್ನಂಗಿಲ್ಲ. ಆದ್ರ ಅದು ಎಕ್ಸ್ ಸರ್ವರ್‌ಗೆ (ಸ್ಕ್ರೀನ್ ಮ್ಯಾಲ ಖರೇ ಬರಿಯೋ ಪ್ರೋಗ್ರಾಮಿಗೆ) ಹೋಗೋ ಪ್ಯಾಕೆಟ್‌ನ್ಯಾಗ ಆ ಜಾಗಕ್ಕ ಇರೋದು ಬರೇ 16 ಬಿಟ್. ಈ ಎಕ್ಸ್11 ಪ್ರೋಟೋಕಾಲ್ 1987ರದ್ದು, ಆಗ ಮೂವತ್ತೆರಡು ಸಾವಿರ ಪಿಕ್ಸೆಲ್ ಅಂದ್ರ ಯಾರೂ ಮುಟ್ಟದ ದೂರ. ಮೈನಸ್ 32,768ರಿಂದ 32,767 ತನಕ ಮಾತ್ರ ಹಿಡೀತೈತಿ, ಅದನ್ನ ದಾಟಿದ್ದು ತಿರುಗಿ ಬರತೈತಿ. 66,000ದ ಹತ್ರ ಬರಿ ಅಂತ ನೀವು ಹೇಳಿದ್ರ ಅದು 464ರ ಹತ್ರ ಬರಿತೈತಿ, ಅಂದ್ರ ಸ್ಕ್ರೀನಿನ ಒಳಗ, ಎಡಗಡೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನಿಮ್ಮ ಫಾಂಟ್ 9 ಪಿಕ್ಸೆಲ್ ಅಗಲ ಅಂದ್ರ 3,640 ಅಕ್ಷರ ದಾಟಿದ ಸಾಲು ಅಪಾಯಕ್ಕ ಬಂತು. ವೇಬ್ರಿಡ್ಜ್ ಸಾಫ್ಟ್‌ವೇರು ದಿನದ ಎಲ್ಲಾ ಲಾರಿ ಎಂಟ್ರಿ ಒಂದ ಸಾಲಿನ್ಯಾಗ ಜೇಸನ್ (ಡೇಟಾ ಬರಿಯೋ ಒಂದು ನಮೂನಿ) ಮಾಡಿ ಒಗದಿದ್ರ, ಭತ್ತದ ಸೀಸನ್‌ನ್ಯಾಗ ಇಷ್ಟು ದಾಟೋದು ಏನ್ ದೊಡ್ಡ ಮಾತಲ್ಲ.

ಈ ಕಡೆ ಸೆಲೆಕ್ಷನ್ ನೋಡ್ರಿ, ಇದರಾಗ ಕ್ಲಾಂಪ್ ಮಾಡೋ ಪದ್ಧತಿನೂ ಕೈ ಕೊಡತೈತಿ. ಸಾಲಿನ ಶುರುವಿನಿಂದ ಸೆಲೆಕ್ಟ್ ಮಾಡಿಕೋತ ಬಲಕ್ಕ ಒಂದು ಲಕ್ಷ ಪಿಕ್ಸೆಲ್ ಸರದೀರಿ ಅಂತ ಇಟ್ಕೊಳ್ರಿ. ಈಗ ಸ್ಕ್ರೀನಿನ ಲೆಕ್ಕದಾಗ ನೀಲಿ ಪಟ್ಟಿ ಮೈನಸ್ 1,00,000ಕ್ಕ ಶುರು ಆಗಿ 500ಕ್ಕ ಮುಗೀಬೇಕು, ಅಗಲ 1,00,500. ಹಂಗ ಕೊಟ್ರ 16 ಬಿಟ್‌ನ್ಯಾಗ ಮೈನಸ್ 1,00,000 ಅನ್ನೋದು ಪ್ಲಸ್ 31,072 ಆಗಿ ಕೂಡತೈತಿ, ಸ್ಕ್ರೀನಿನಿಂದ ಎಷ್ಟೋ ದೂರ ಬಲಕ್ಕ, ಅದಕ್ಕ ನಿಮಗ ನೀಲಿ ಕಾಣಂಗಿಲ್ಲ. ಸರಿ, ಎರಡನ್ನೂ ಕ್ಲಾಂಪ್ ಮಾಡ್ತೀವಿ ಅಂದ್ರಿ, ಶುರು ಮೈನಸ್ 32,768 ಆತು, ಅಗಲಕ್ಕ ಮೈನಸ್ ಇಲ್ಲದ 16 ಬಿಟ್ ಇರೋದ್ರಿಂದ 65,535 ಆತು. ಎರಡೂ ಮಿತಿ ಒಳಗ ಅದಾವ, ಸರ್ವರ್ ಖುಷಿ. ಆದ್ರ ಪಟ್ಟಿ ಮುಗಿಯೋದು ಎಲ್ಲಿ? ಎರಡೂ ಕೂಡಿಸ್ರಿ, 32,767. ಅಂದ್ರ 500ಕ್ಕ ನಿಲ್ಲಬೇಕಾದ ನೀಲಿ ಇಡೀ ಸ್ಕ್ರೀನ್ ತುಂಬಿ ಹರೀತು. ಯೂಸರ್ ನೋಡಿದಾಗ ಸಾಲು ಪೂರಾ ಸೆಲೆಕ್ಟ್ ಆಗೈತಿ ಅಂತ ತಿಳ್ಕೊಂಡು ಡಿಲೀಟ್ ಒತ್ತತಾನ, ಅರ್ಧ ಉಳೀತೈತಿ. ಹಂಗಾಗಿ ಶುರು ಮತ್ತ ಅಗಲ ಅಂತ ಎಂದೂ ಕ್ಲಾಂಪ್ ಮಾಡಬ್ಯಾಡ್ರಿ, ಎಡ ಅಂಚು ಮತ್ತ ಬಲ ಅಂಚು ಅಂತ ಮಾಡ್ರಿ. ಎರಡೂ ಅಂಚನ್ನ 64 ಬಿಟ್‌ನ್ಯಾಗ ಲೆಕ್ಕ ಹಾಕಿ, ಕಾಣೋ ಜಾಗ ನಿಮ್ಮ ಲ್ಯಾಪ್‌ಟಾಪ್‌ದಾಗ ಸೊನ್ನಿಯಿಂದ 1366, ಅದರ ಒಳಗ ತಂದು, ಎಡ 0, ಬಲ 500, ಆಮ್ಯಾಲೆ ಬಲದಾಗ ಎಡ ಕಳೆದು ಅಗಲ ತೆಗೀರಿ. ಎಡ ಅಂಚು ಬಲಕ್ಕಿಂತ ದೊಡ್ಡದು ಅಥವಾ ಸಮ ಆದ್ರ ಬರೀಲೇಬ್ಯಾಡ್ರಿ. ಇಷ್ಟು ಮಾಡಿದ್ರ 16 ಬಿಟ್ ಮಿತಿ ಹತ್ರಾನೂ ನೀವು ಹೋಗಂಗಿಲ್ಲ. ಅಕ್ಷರಕ್ಕೂ ಇದ ಪದ್ಧತಿ, ಕಾಣೋ ಅಕ್ಷರದಿಂದ ಶುರು ಮಾಡಿ ಕಾಣೋ ತನಕ ಅಷ್ಟ ಬರೀರಿ, ಎರಡು ಬದಿ ಒಂದೆರಡು ಅಕ್ಷರ ಹೆಚ್ಚಿಗಿ ಇರಲಿ, ಯಾಕ ಅಂತ ಮುಂದ ಹೇಳ್ತೀನಿ.

ಈಗ ಸಾವಿರ ಕೋಟಿ ಕಥಿಗೆ ಬರೋಣ, ಲ್ಯಾಪ್‌ಟಾಪ್‌ದಾಗ ಎಡಕ್ಕ, ಪೈದಾಗ ಬಲಕ್ಕ. ನನಗ ಈ ಪ್ರಶ್ನೆದಾಗ ಭಾಳ ಹಿಡಿಸಿದ್ದು ಇದ. ನೀವು ಸೆಟ್ಟಿಂಗ್ಸ್ ನಂಬರನ್ನ ಡಬಲ್ (ದಶಾಂಶ ಹಿಡಿಯೋ 64 ಬಿಟ್ ಸಂಖ್ಯೆ) ಆಗಿ ಓದಿ ಆಮ್ಯಾಲೆ ಇಂಟ್‌ಗೆ ಇಳಿಸೀರಿ. ಡಬಲ್‌ನ್ಯಾಗ ಸಾವಿರ ಕೋಟಿ ಆರಾಮಾಗಿ ಕೂಡತೈತಿ. ಇಂಟ್‌ನ್ಯಾಗ ಹಿಡಿಯದಿದ್ದಾಗ ಏನಾಗಬೇಕು ಅನ್ನೋದನ್ನ ಸಿ ಭಾಷೆ ಹೇಳೇ ಇಲ್ಲ, ಅನ್‌ಡಿಫೈನ್ಡ್ ಅಂತ ಕೈ ಬಿಟ್ಟೈತಿ, ಹಂಗಾಗಿ ಪ್ರೊಸೆಸರ್ ತನಗ ತಿಳಿದಂಗ ಮಾಡತೈತಿ. ಇಂಟೆಲ್, ಎಎಂಡಿ ಚಿಪ್ಪು ಹಿಡಿಯದ ನಂಬರ್ ಬಂದ್ರ ಅದು ದೊಡ್ಡದಿರಲಿ ಸಣ್ಣದಿರಲಿ, ಮೈನಸ್ 214 ಕೋಟಿ 74 ಲಕ್ಷ 83 ಸಾವಿರದ 648 ಅಂತ ಒಂದ ಉತ್ತರ ಕೊಡತೈತಿ. ಪೈದಾಗ ಇರೋ ಆರ್ಮ್ ಚಿಪ್ಪು ಮಿತಿಗೆ ತಂದು ನಿಲ್ಲಿಸತೈತಿ, ಪ್ಲಸ್ 214 ಕೋಟಿ ಚಿಲ್ರೆ. ಒಂದು ಎಡಕ್ಕ ಹೋತು, ಇನ್ನೊಂದು ಬಲಕ್ಕ ಹೋತು. ಅದರ ಮ್ಯಾಲ ಕಂಪೈಲರ್‌ಗೆ ಆಪ್ಟಿಮೈಸ್ ಮಾಡು ಅಂದ್ರ ಮೂರನೇ ಥರ ಉತ್ತರಾನೂ ಬರಬಹುದು, ಯಾರೂ ಕೇಳಂಗಿಲ್ಲ.

ನಿಮ್ಮ ಖಾಲಿ ಫೈಲ್ ತೆರದು ನೋಡೀರೇನು? ಒಟ್ಟು ಎತ್ತರ ಸೊನ್ನಿ, ಪೊಸಿಷನ್ ಸೊನ್ನಿ, ಡಬಲ್‌ನ್ಯಾಗ ಲೆಕ್ಕ ಹಾಕೋ ಕಡೆ ಸೊನ್ನಿಯನ್ನ ಸೊನ್ನಿಯಿಂದ ಭಾಗಿಸಿದ್ರ ನ್ಯಾನ್ ಅಂತ ಬರತೈತಿ, ಅಂದ್ರ ಸಂಖ್ಯೇನ ಅಲ್ಲ ಅಂತ. ಅದನ್ನ ಇಂಟ್‌ಗೆ ಇಳಿಸಿದ್ರ ಇಂಟೆಲ್‌ನ್ಯಾಗ ಮತ್ತ ಅದ ಮೈನಸ್ 214 ಕೋಟಿ, ಆರ್ಮ್‌ನ್ಯಾಗ ಸೊನ್ನಿ. ಈ ನ್ಯಾನ್ ಭಾಳ ಕಿಲಾಡಿ. ಸೊನ್ನಿಗಿಂತ ಕಡಿಮಿ ಇದ್ರ ಅಥವಾ ಮಿತಿಗಿಂತ ಜಾಸ್ತಿ ಇದ್ರ ಬ್ಯಾಡ ಅನ್ನು ಅಂತ ನೀವು ಬರದ್ರ ನ್ಯಾನ್ ಎರಡೂ ಪ್ರಶ್ನೆಗೆ ಇಲ್ಲ ಅಂತ ಉತ್ತರ ಕೊಟ್ಟು ಒಳಗ ಬಂದುಬಿಡತೈತಿ. ಮಾತು ತಿರುಗಿಸಿ ಬರೀರಿ: ಸೊನ್ನಿಗೆ ಸಮ ಅಥವಾ ಜಾಸ್ತಿ ಇದ್ದು, ಮಿತಿಗೆ ಸಮ ಅಥವಾ ಕಡಿಮಿ ಇದ್ರ ಮಾತ್ರ ಒಪ್ಕೋ, ಉಳಿದದ್ದೆಲ್ಲಾ ಬ್ಯಾಡ. ಆಗ ನ್ಯಾನ್ ಹೊರಗ ಉಳೀತೈತಿ. ಸೆಟ್ಟಿಂಗ್ಸ್ ಓದೋ ಸ್ಟ್ರಿಂಗ್ ಟು ಡಬಲ್ ಫಂಕ್ಷನ್ನು ನ್ಯಾನ್, ಇನ್ಫಿನಿಟಿ ಅಂತ ಅಕ್ಷರದಾಗ ಬರದಿದ್ರೂ ಸಂಖ್ಯೆ ಅಂತ ಒಪ್ಕೋತೈತಿ ಅನ್ನೋದೂ ನೆನಪಿರಲಿ. ಇನ್ನೊಂದು ಕಡೆ ನೀವು ಎಟಾಯ್ (ಅಕ್ಷರದಾಗಿರೋ ನಂಬರನ್ನ ಇಂಟ್ ಮಾಡೋ ಫಂಕ್ಷನ್) ಬಳಸೀರಿ, ಅದನ್ನ ತೆಗದು ಒಗೀರಿ, ನಂಬರ್ ಹಿಡಿಯದಿದ್ರ ಅದು ಹೇಳೋ ದಾರೀನ ಇಲ್ಲ.

ಒಪ್ಪೋ ಮಿತಿ ಎಷ್ಟಿರಬೇಕು? ನೀವು ಇಂಟ್ ಮ್ಯಾಕ್ಸ್ (ಇಂಟ್‌ನ್ಯಾಗ ಹಿಡಿಯೋ ದೊಡ್ಡ ನಂಬರ್) ಇಡೋಣ ಅಂತ ಕಾಮೆಂಟ್ ಹಾಕೀರಿ. ಬ್ಯಾಡ್ರಿ. ಇಂಟ್ ಮ್ಯಾಕ್ಸ್‌ಗೆ ತಂದು ನಿಲ್ಲಿಸಿದ ಅಗಲಕ್ಕ ಮುಂದಿನ ಸಾಲಿನ್ಯಾಗ ನೀವ 4 ಪಿಕ್ಸೆಲ್ ಪ್ಯಾಡಿಂಗ್ (ಅಂಚಿನ ಖಾಲಿ ಜಾಗ) ಕೂಡಿಸ್ತೀರಿ, ಅಲ್ಲೇ ಮತ್ತ ಉಕ್ಕತೈತಿ. ಕೂಡಿಸಿದ್ಮ್ಯಾಲೆ ಮೊದಲಿಗಿಂತ ಸಣ್ಣದಾತೇನು ಅಂತ ನೋಡಿದ್ರ ಆತು ಅನ್ನೋರು ಅದಾರ, ಆದ್ರ ಸೈನ್ ಇರೋ ಇಂಟ್ ಉಕ್ಕೋದ ಇಲ್ಲ ಅಂತ ಕಂಪೈಲರ್ ತಿಳ್ಕೊಂಡಿರತೈತಿ, ಆ ಚೆಕ್ಕನ್ನ ಹೊಡದು ಹಾಕಿಬಿಡತೈತಿ. ಬೇಕಾದ್ರ ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ದಾಗ ಓವರ್‌ಫ್ಲೋ ಚೆಕ್ ಮಾಡಿ ಕೂಡಿಸೋ ಬಿಲ್ಟ್ಇನ್ ಅದಾವ, ಸಿ ಭಾಷೆಯ ಹೊಸ ಸ್ಟ್ಯಾಂಡರ್ಡ್ ಸಿ23 ಬಂದ್ಮ್ಯಾಲೆ ಸ್ಟ್ಯಾಂಡರ್ಡ್ ಹೆಡರ್ರೂ ಐತಿ. ಇನ್ನೊಂದು ಸಣ್ಣ ಮುಳ್ಳು ಐತಿ ಇಲ್ಲಿ: ಡಬಲ್ ಬಿಟ್ಟು 32 ಬಿಟ್ ಫ್ಲೋಟ್ ಬಳಸಿದ್ರ ಅದರಾಗ 2147483647 ಅನ್ನೋ ನಂಬರ ಕೂಡಂಗಿಲ್ಲ, ಹತ್ರದ 2147483648 ಆಗತೈತಿ, ಹಂಗಾಗಿ ಇಂಟ್ ಮ್ಯಾಕ್ಸ್‌ಗೆ ಸಮ ಅಥವಾ ಕಡಿಮಿ ಐತಿ ಅಂತ ನೋಡಿ ಬಿಟ್ಟದ್ದು ಒಂದು ಜಾಸ್ತಿ ಇದ್ದು ಒಳಗ ಬರತೈತಿ. ನನ್ನ ಕೇಳಿದ್ರ ಕಾಲಂ ಅಗಲಕ್ಕ 10,000 ಪಿಕ್ಸೆಲ್ ಮಿತಿ ಇಡ್ರಿ, ಅಷ್ಟು ಅಗಲದ ಸ್ಕ್ರೀನ್ ಮಿಲ್‌ನ್ಯಾಗ ಇಲ್ಲ, ಇಂಥಾ ನಂಬರು ಎಷ್ಟು ಸಲ ಕೂಡಿಸಿದ್ರೂ 64 ಬಿಟ್ ತುಂಬಂಗಿಲ್ಲ.

ದಾಟಿದಾಗ ಏನ್ ಮಾಡಬೇಕು ಅನ್ನೋದು ಖರೇ ಪ್ರಶ್ನೆ. ನೀವು ನೋಡೇ ನೋಡಿರ್ತೀರಿ, ವೇಬ್ರಿಡ್ಜ್ ಮ್ಯಾಲ ಕೆಪಾಸಿಟಿ ಮೀರಿದ ಲಾರಿ ನಿಂತ್ರ ಇಂಡಿಕೇಟರ್ ಕೆಪಾಸಿಟಿ ಎಷ್ಟೈತೋ ಅಷ್ಟ ತೂಕ ಅಂತ ತೋರ್ಸಂಗಿಲ್ಲ, ಓವರ್‌ಲೋಡ್ ಅಂತ ತೋರ್ಸಿ ನಿಲ್ಲತೈತಿ. ಸೆಟ್ಟಿಂಗ್ಸ್‌ಗೆ ಅದ ನ್ಯಾಯ. ಸಾವಿರ ಕೋಟಿ ಬರದವಂಗ ಸುಮ್ನ 10,000 ಮಾಡಿ ಕೊಡಬ್ಯಾಡ್ರಿ, ಹಳೇ ಅಗಲ ಇಟ್ಕೊಂಡು, ಇಷ್ಟನೇ ಸಾಲಿನ್ಯಾಗ ಇಂಥಾ ನಂಬರ್ ಐತಿ, 10,000 ದಾಟಂಗಿಲ್ಲ ಅಂತ ಕನ್ನಡದಾಗ ಒಂದು ಮೆಸೇಜ್ ಕೊಡ್ರಿ. ಬರಿಯೋ ಕೆಲಸಕ್ಕ ಮಾತ್ರ ಕ್ಲಾಂಪ್ ನಡೀತೈತಿ, ಯಾಕಂದ್ರ ಸ್ಕ್ರೀನಿನ ಹೊರಗಿಂದು ಹೆಂಗೂ ಕಾಣಂಗಿಲ್ಲ, ಕತ್ತರಿಸಿದ್ರ ಯಾರಿಗೂ ಸುಳ್ಳು ಹೇಳಿದಂಗ ಆಗಂಗಿಲ್ಲ.

ಆದ್ರ ಮೌಸ್ ಕ್ಲಿಕ್ಕು? ಇಲ್ಲಿ ನಿಮ್ಮ ಕೋಡ್ ನೋಡಿ ನನಗ ಸ್ವಲ್ಪ ಹೆದರಿಕಿ ಆತು. ಕ್ಲಿಕ್ ಆದ ಜಾಗಕ್ಕ ಎಷ್ಟು ಸರದೀವಿ ಅನ್ನೋದು ಕೂಡಿಸಿ, 9ರಿಂದ ಭಾಗಿಸಿ ಎಷ್ಟನೇ ಅಕ್ಷರ ಅಂತ ಹುಡುಕ್ತೀರಿ. ಅಲ್ಲಿ 32,767ಕ್ಕ ಕ್ಲಾಂಪ್ ಹಾಕಿದ್ರ 9,000ನೇ ಅಕ್ಷರದ ಮ್ಯಾಲ ಕ್ಲಿಕ್ ಮಾಡಿದವನ ಕರ್ಸರ್ರು 3,640ನೇ ಅಕ್ಷರದಾಗ ನಿಲ್ಲತೈತಿ. ಅಂವ ಟೈಪ್ ಮಾಡಿದ ತೂಕ ಬ್ಯಾರೆ ಲಾರಿ ಎಂಟ್ರಿದಾಗ ಬೀಳತೈತಿ. ಸ್ಕ್ರೀನ್ ಮ್ಯಾಲ ಬಣ್ಣ ತಪ್ಪಿದ್ರ ಮಂದಿ ಬೈತಾರ ಅಷ್ಟ, ಫೈಲ್‌ನ್ಯಾಗ ನಂಬರ್ ತಪ್ಪಿದ್ರ ರೈತನ ರೊಕ್ಕದ ಮಾತು. ಫೈಲ್ ತಿದ್ದೋ ದಾರಿಯೊಳಗ ಎಲ್ಲೂ ಕ್ಲಾಂಪ್ ಇರಬಾರದು, ಲೆಕ್ಕ ಹಿಡಿಯದಿದ್ರ ಆ ಕ್ಲಿಕ್ಕನ್ನ ಬಿಟ್ಟುಬಿಡ್ರಿ, ಏನೂ ಮಾಡಬ್ಯಾಡ್ರಿ.

ಮೈನಸ್ ಬಂತಂದ್ರ ದೋಷ ಅಂತ ತಿಳ್ಕೊಳ್ಳೋದೂ ತಪ್ಪು. ಅರ್ಧ ಮ್ಯಾಲ ಸರದ ಸಾಲಿನ ಶುರು ಮೈನಸ್‌ನ್ಯಾಗ ಇರತೈತಿ, ಮೌಸ್ ಒತ್ತಿ ಹಿಡದು ವಿಂಡೋದಿಂದ ಆಚೆ ಎಡಕ್ಕ ಎಳದ್ರ ಮೈನಸ್ ಬರತೈತಿ. ಕನ್ನಡ ಅಕ್ಷರದಾಗ ಅಂತೂ ಕೇಳಬ್ಯಾಡ್ರಿ. ರಾಷ್ಟ್ರ ಅಂತ ಬರದ್ರ ಯೂನಿಕೋಡ್‌ನ್ಯಾಗ 7 ಸಂಕೇತ, ಕಣ್ಣಿಗೆ ಎರಡ ಅಕ್ಷರ, ಕೆಲವು ಫಾಂಟ್‌ನ್ಯಾಗ ಒತ್ತಿಗೆ ತನ್ನದ ಅಂತ ಅಗಲ ಸೊನ್ನಿ, ಹಿಂದಿನ ಅಕ್ಷರದ ಬುಡಕ್ಕ ಕೂಡ್ರಾಕ ಮೈನಸ್ ದೂರ ಸರೀತೈತಿ. ಬುಡದಾಗ ಒತ್ತು ಇಳಿಯೋದ್ರಿಂದ 20 ಪಿಕ್ಸೆಲ್ ಸಾಲಿನ್ಯಾಗ ಕೆಳಗಿಂದು ಕತ್ತರಿಸಿ ಹೋಗತೈತಿ. ಎರಡು ಬದಿ ಹೆಚ್ಚಿಗಿ ಅಕ್ಷರ ಬರೀರಿ ಅಂದದ್ದು ಇದಕ್ಕ, ಅಗಲದ ಲೆಕ್ಕದ ಹೊರಗೂ ಮಸಿ ಚೆಲ್ಲಿರತೈತಿ. ಮತ್ತ ನೀವು ಇನ್ನೂ ಅಳತಿ ಆಗಿಲ್ಲ ಅನ್ನೋದಕ್ಕ ಮೈನಸ್ 1 ಅಂತ ಗುರ್ತ ಇಟ್ಟೀರಿ, ಖರೇ ಮೈನಸ್ 1 ಬಂದ ದಿನ ಏನ್ ಮಾಡ್ತೀರಿ? ಅಳತಿ ಆಗೈತೋ ಇಲ್ಲೋ ಅನ್ನೋದಕ್ಕ ಬ್ಯಾರೆ ಒಂದು ಬಿಟ್ ಇಡ್ರಿ.

ಬ್ರೌಸರ್ ಬಗ್ಗೆ ಗೆಳೆಯ ಹೇಳಿದ್ದು ಅರ್ಧ ಖರೆ. ಮಿತಿ ಅಲ್ಲೂ ಐತಿ, ಸ್ವಲ್ಪ ದೂರ ಐತಿ ಅಷ್ಟ. ಕ್ರೋಮ್ ಪಿಕ್ಸೆಲ್ಲನ್ನ 64 ಪಾಲು ಮಾಡಿ 32 ಬಿಟ್‌ನ್ಯಾಗ ಇಡೋದ್ರಿಂದ ಸುಮಾರು 3 ಕೋಟಿ 35 ಲಕ್ಷ ಪಿಕ್ಸೆಲ್‌ಗೆ ನಿಲ್ಲತೈತಿ, ನಿಮ್ಮ 20 ಪಿಕ್ಸೆಲ್ ಸಾಲಿಗೆ ಹದಿನಾರೂವರೆ ಲಕ್ಷದ ಮ್ಯಾಲ ಸ್ವಲ್ಪ. ಫೈರ್‌ಫಾಕ್ಸ್ 60 ಪಾಲು ಮಾಡತೈತಿ, ಸುಮಾರು 1 ಕೋಟಿ 79 ಲಕ್ಷಕ್ಕ ಮುಗೀತೈತಿ, ಒಂಬತ್ತು ಲಕ್ಷ ಸಾಲೂ ಆಗಂಗಿಲ್ಲ. ಕೋಡ್‌ಮಿರರ್ 6 ಅನ್ನೋ ಬ್ರೌಸರ್ ಎಡಿಟರ್ ಬರದೋರು ಇದನ್ನ ತಿಳ್ಕೊಂಡು 70 ಲಕ್ಷ ಪಿಕ್ಸೆಲ್ ದಾಟಿದ ಫೈಲಿಗೆ ಎತ್ತರಾನ ಕುಗ್ಗಿಸಿ ಬ್ರೌಸರ್‌ಗೆ ಸಣ್ಣ ನಂಬರ್ ಕೊಡ್ತಾರ. ವಿಎಸ್ ಕೋಡ್ ಎಡಿಟರ್ ಉದ್ದ ಸಾಲನ್ನ 10,000 ಅಕ್ಷರಕ್ಕ ನಿಲ್ಲಿಸಿಬಿಡತೈತಿ, ಮುಂದಿಂದು ಬರಿಯಂಗಿಲ್ಲ, ಸೆಟ್ಟಿಂಗ್ ಬದಲಿ ಮಾಡಬಹುದು. ಒರಟು ಅನ್ಸಿದ್ರೂ ಪ್ರಾಮಾಣಿಕ ಪದ್ಧತಿ ಅದು.

ನೀವು ನೋಡಿ ಕಲೀಬೇಕಾದದ್ದು ಅಂದ್ರ ಈಮ್ಯಾಕ್ಸ್ ಅನ್ನೋ ಎಡಿಟರ್. ಅದು ವಿಂಡೋ ಎಲ್ಲಿಂದ ಶುರು ಅನ್ನೋದನ್ನ ಪಿಕ್ಸೆಲ್‌ನ್ಯಾಗ ಇಟ್ಕೊಳ್ಳಂಗ ಇಲ್ಲ, ಎಷ್ಟನೇ ಅಕ್ಷರದಿಂದ ಅಂತ ಇಟ್ಕೋತೈತಿ, ಮ್ಯಾಲ ಬೇಕಾದ್ರ ಸ್ವಲ್ಪ ಪಿಕ್ಸೆಲ್ ಸರಿಸತೈತಿ. ಫೈಲ್ ಎಷ್ಟು ದೊಡ್ಡದಿದ್ರೂ ಪಿಕ್ಸೆಲ್ ಲೆಕ್ಕ ಒಂದು ಸ್ಕ್ರೀನಿನಷ್ಟ ಉಳೀತೈತಿ. ಅದರಾಗ ಖಾಲಿ ಜಾಗದ ಅಗಲ ಎಷ್ಟು ಅಂತ ಲಿಸ್ಪ್ (ಈಮ್ಯಾಕ್ಸ್ ಒಳಗಿನ ಭಾಷೆ) ಕೋಡೂ ಹೇಳಬಹುದು, ಆ ಲೆಕ್ಕ ಡಬಲ್‌ನ್ಯಾಗ ನಡದು ಆಮ್ಯಾಲೆ ಇಂಟ್‌ಗೆ ಇಳೀತೈತಿ, ಅಂದ್ರ ನಿಮ್ಮ ಕಾಲಂ ಅಗಲದ ತ್ರಾಸ ಅಲ್ಲೂ ಬಾಗಿಲದಾಗ ನಿಂತೈತಿ. ಉದ್ದ ಸಾಲಿಗೆ 29ನೇ ಆವೃತ್ತಿಯಿಂದ 50,000 ಅಕ್ಷರದ ಗಡಿ ಇಟ್ಟಾರ, ದಾಟಿದ್ರ ಹಗುರ ದಾರಿ ಹಿಡೀತೈತಿ. ನೀವೂ ಸ್ಕ್ರೋಲ್ ಪೊಸಿಷನ್ ಅಂದ್ರ ಸಾಲಿನ ನಂಬರ್ರು, ಆ ಸಾಲಿನೊಳಗ ಎಷ್ಟು ಪಿಕ್ಸೆಲ್ಲು, ಈ ಎರಡ ಇಡ್ರಿ. ಮುಂದ ಜಿಪಿಯು (ಗ್ರಾಫಿಕ್ಸ್ ಚಿಪ್ಪು) ಮ್ಯಾಲ ಬರೀತೀನಿ ಅಂದ್ರೂ ಇದ ಕಾಯತೈತಿ, 32 ಬಿಟ್ ಫ್ಲೋಟ್ 1 ಕೋಟಿ 67 ಲಕ್ಷ ದಾಟಿದ್ರ ಒಂದೊಂದ ಪಿಕ್ಸೆಲ್ ಎಣಿಸಾಕ ಬರಂಗಿಲ್ಲ, ಎರಡೆರಡು ಜಿಗೀತೈತಿ, ಅಕ್ಷರ ನಡುಗತಾವ.

ತಿದ್ದಿದ್ಮ್ಯಾಲೆ ಟೆಸ್ಟ್ ಹಿಂಗ ಮಾಡ್ರಿ: ಖಾಲಿ ಫೈಲ್, ಒಂದ ಸಾಲಿನ್ಯಾಗ ಲಕ್ಷ ಅಕ್ಷರ, 25 ಲಕ್ಷ ಸಾಲು, ಸೆಟ್ಟಿಂಗ್ಸ್‌ನ್ಯಾಗ ಸೊನ್ನಿ, ಮೈನಸ್, ಸಾವಿರ ಕೋಟಿ, ನ್ಯಾನ್. ಜಿಸಿಸಿಯ ಅನ್‌ಡಿಫೈನ್ಡ್ ಸ್ಯಾನಿಟೈಸರ್ (ಓಡುವಾಗ ಇಂಥಾ ತಪ್ಪು ಹಿಡಿಯೋ ಚೆಕ್) ಹಾಕಿ ಕಂಪೈಲ್ ಮಾಡ್ರಿ, ಆದ್ರ ಅದನ್ನ ಹಾಕಿದ್ರೂ ಫ್ಲೋಟಿಂದ ಇಂಟ್‌ಗೆ ಇಳಿಸೋ ಚೆಕ್ ತಾನಾಗಿ ಚಾಲೂ ಆಗಂಗಿಲ್ಲ, ಫ್ಲೋಟ್ ಕಾಸ್ಟ್ ಓವರ್‌ಫ್ಲೋ ಅನ್ನೋ ಆಪ್ಷನ್ನನ್ನ ಬ್ಯಾರೆ ಹೆಸರು ಹಿಡದ ಕರೀಬೇಕು. ಓಡಿಸೋದು ಲ್ಯಾಪ್‌ಟಾಪ್ ಮತ್ತ ಪೈ ಎರಡರಾಗೂ. ಬರೇ ಪೈದಾಗ ನೋಡಿ ಸರಿ ಐತಿ ಅನ್ನಬ್ಯಾಡ್ರಿ, ಅಲ್ಲಿ ನ್ಯಾನ್ ಸೊನ್ನಿ ಆಗಿ ಸುಮ್ನ ಕೂತಿರತೈತಿ.